ತಲೆಗೆ ಪಟ್ಟಿ ಕಟ್ಟಿದ ಸ್ಟಾಪರ್

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಮೈದಾನದ ಬದಿಯಲ್ಲಿ ಒಂದು ಬೆಳಿಗ್ಗೆ ನಿಂತಿದ್ದೆ. ಕೋಚ್ ಒಬ್ಬರು ಹನ್ನೆರಡು ವರ್ಷದ ಹುಡುಗನ ಹೆಗಲು ಹಿಡಿದು ಹೇಳುತ್ತಿದ್ದರು: 'ಚೆಂಡು ನೋಡ್ಬೇಡ ಮಗಾ, ಅವನ ಸೊಂಟ ನೋಡು. ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ.' ಹುಡುಗ ಮೊಣಕಾಲು ಬಾಗಿಸಿ, ಅಡ್ಡಡ್ಡ ಹೆಜ್ಜೆಯಿಡುತ್ತಾ ಹಿಂದೆ ಸರಿದ. ಎದುರಿನವನು ಎಡಕ್ಕೆ ಹೋಗುವಂತೆ ಮೈ ಆಡಿಸಿ ಬಲಕ್ಕೆ ಹೊರಳಿದ. ಹುಡುಗ ಮೋಸಹೋಗಲಿಲ್ಲ. ಪಾದವನ್ನು ಅಡ್ಡವಾಗಿ ಚಾಚಿದ, ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನೂ ನಿರೀಕ್ಷಿಸಿರಲಿಲ್ಲ, ಮತ್ತೆ ಹೋಗಿ ತನ್ನ ಜಾಗದಲ್ಲಿ ನಿಂತ.

ಆಗ ನನಗೆ ನೆನಪಾದವರು ಜರ್ನೈಲ್ ಸಿಂಗ್. ಭಾರತ ಕಂಡ ಅತಿ ಶ್ರೇಷ್ಠ ಡಿಫೆಂಡರ್ ಯಾರೆಂದರೆ ನಾನು ಹೇಳುವ ಹೆಸರು ಅದೊಂದೇ.

ಜರ್ನೈಲ್ ಹುಟ್ಟಿದ್ದು 1936ರಲ್ಲಿ, ಈಗ ಪಾಕಿಸ್ತಾನದ ಫೈಸಲಾಬಾದ್ ಆಗಿರುವ ಅಂದಿನ ಲಾಯಲ್‌ಪುರ ಜಿಲ್ಲೆಯಲ್ಲಿ. ದೇಶ ಇಬ್ಭಾಗವಾದಾಗ ಅವರಿಗೆ ಹನ್ನೊಂದು ವರ್ಷ. ಮನೆ, ಹೊಲ ಎಲ್ಲವನ್ನೂ ಬಿಟ್ಟು ಗಡಿ ದಾಟಿದ ಕುಟುಂಬ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಪನಾಮ್ ಎಂಬ ಹಳ್ಳಿಯಲ್ಲಿ ಬೇರು ಬಿಟ್ಟಿತು. ಹತ್ತಿರದ ಮಾಹಿಲ್‌ಪುರ ಫುಟ್‌ಬಾಲಿನ ಹುಚ್ಚು ಹತ್ತಿದ ಊರು. ಅಲ್ಲಿನ ಖಾಲ್ಸಾ ಕಾಲೇಜಿನಲ್ಲಿ ಓದುತ್ತಲೇ ಜರ್ನೈಲ್ ಆಟಗಾರರಾದರು. ಆಗ ಅವರು ಮುಂದಿನ ಸಾಲಿನಲ್ಲೂ ಆಡುತ್ತಿದ್ದರು. ಈ ಸಂಗತಿ ಮುಂದೆ ಕೆಲಸಕ್ಕೆ ಬರಲಿದೆ.

ಫುಟ್‌ಬಾಲ್ ಆಡಿ ಹೆಸರು ಮಾಡಬೇಕೆಂದರೆ ಆ ಕಾಲದಲ್ಲಿ ಕಲ್ಕತ್ತಾಗೆ ಹೋಗಲೇಬೇಕಿತ್ತು. ಜರ್ನೈಲ್ ಮೊದಲು ರಾಜಸ್ಥಾನ್ ಕ್ಲಬ್ ಸೇರಿ, 1959ರಲ್ಲಿ ಮೋಹನ್ ಬಗಾನ್‌ಗೆ ಬಂದರು. 1968ರವರೆಗೆ ಅಲ್ಲೇ ಆಡಿದರು. ಕಲ್ಕತ್ತಾ ಲೀಗ್ ಎಂದರೆ ಮಳೆಗಾಲದ ಆಟ. ನೀರು ಕುಡಿದ ಚರ್ಮದ ಚೆಂಡು ಕಲ್ಲಿನಂತೆ ಭಾರ. ಮೇಲಿನಿಂದ ಬರುವ ಅಂಥ ಚೆಂಡಿಗೆ ಹಣೆಯೊಡ್ಡುವುದು, ಕೆಸರಿನಲ್ಲಿ ಜಾರುತ್ತಲೇ ಎದುರಾಳಿಯ ಕಾಲಿನಿಂದ ಚೆಂಡು ಕೀಳುವುದು, ಇದು ಹಿಂದಿನ ಸಾಲಿನ ನಡುವೆ ನಿಲ್ಲುವ ಸ್ಟಾಪರ್‌ನ ದಿನನಿತ್ಯದ ಕೂಲಿ. ಒಂದು ಕ್ಷಣ ಮೊದಲು ಕಾಲಿಟ್ಟರೆ ಎದುರಾಳಿ ತಪ್ಪಿಸಿಕೊಳ್ಳುತ್ತಾನೆ, ಒಂದು ಕ್ಷಣ ತಡವಾದರೆ ಪೆನಾಲ್ಟಿ. ಜರ್ನೈಲ್ ಎತ್ತರದ, ಗಟ್ಟಿ ಮೈಕಟ್ಟಿನ ಆಳು. ಆದರೆ ಬರೀ ಮೈಬಲದಿಂದ ಹತ್ತು ವರ್ಷ ಆ ಜಾಗ ಉಳಿಸಿಕೊಳ್ಳಲಾಗದು. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಲೆಕ್ಕ ಹಾಕುವ ತಲೆಯೂ ಬೇಕು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರಿದ್ದ ಭಾರತ ತಂಡ ಬಲಿಷ್ಠ ಹಂಗೇರಿಗೆ ಸೋತದ್ದು 2–1ರಿಂದ ಮಾತ್ರ. ಫ್ರಾನ್ಸ್ ಎದುರು 1–1 ಡ್ರಾ. ಆ ತಂಡದಲ್ಲಿ ಜರ್ನೈಲ್ ಜೊತೆಗೆ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಇನ್ನು ಜಕಾರ್ತ. 1962ರ ಏಷ್ಯನ್ ಗೇಮ್ಸ್. ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಾಗೆ 2–0 ಅಂತರದಲ್ಲಿ ಸೋತಿತು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಆ ಆಟದಲ್ಲಿ ಜರ್ನೈಲ್ ತಲೆ ಒಡೆದು ಹೊಲಿಗೆ ಬಿತ್ತು. ಸೆಮಿಫೈನಲ್ ಹೊತ್ತಿಗೆ ರಹೀಂ ಎದುರು ಕಗ್ಗಂಟು. ಗಾಯಗೊಂಡ ತಲೆಯವನನ್ನು ಸ್ಟಾಪರ್ ಮಾಡಿ ನಿಲ್ಲಿಸುವುದು ಹೇಗೆ? ಅಂಥ ಆಟಗಾರನನ್ನು ಹೊರಗೆ ಕೂರಿಸುವುದಾದರೂ ಹೇಗೆ? ಕಾಲೇಜಿನ ದಿನಗಳಲ್ಲಿ ಆತ ಮುಂದೆ ಆಡುತ್ತಿದ್ದ ಎಂಬುದು ರಹೀಂಗೆ ಗೊತ್ತಿತ್ತು. ಪಟ್ಟಿ ಕಟ್ಟಿದ ತಲೆಯ ಜರ್ನೈಲ್‌ರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಹಿಂದಿನ ಸಾಲಿನ ಹೊಣೆ ಅರುಣ್ ಘೋಷ್, ಚಂದ್ರಶೇಖರ್, ತ್ರಿಲೋಕ್ ಸಿಂಗ್ ಹೆಗಲಿಗೆ ಬಿತ್ತು.

ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3–2 ಗೆಲುವು. ಅದರಲ್ಲಿ ಜರ್ನೈಲ್ ಅವರದೊಂದು ಗೋಲು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಸೆನಯಾನ್ ಕ್ರೀಡಾಂಗಣ ತುಂಬಿತ್ತು, ತುಂಬಿದವರೆಲ್ಲ ಭಾರತದ ಮೇಲೆ ಕೆಂಡ ಕಾರುತ್ತಿದ್ದರು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟ ಕೂಟವನ್ನು ಏಷ್ಯನ್ ಗೇಮ್ಸ್ ಎನ್ನಬಹುದೇ ಎಂದು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಕೇಳಿದ್ದ ಪ್ರಶ್ನೆ ಇಂಡೊನೇಷ್ಯಾದವರನ್ನು ಕೆರಳಿಸಿತ್ತು. ಅಂಥ ಗದ್ದಲದ ನಡುವೆ ನಮ್ಮವರಿಗೆ ಕೂಗಿ ಹುರುಪು ತುಂಬಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಅಂದು ಆಡಿದವರು ಮುಂದೆ ನೆನಪಿಸಿಕೊಂಡಿದ್ದಾರೆ. ಲಾಯಲ್‌ಪುರದಿಂದ ಉಟ್ಟ ಬಟ್ಟೆಯಲ್ಲಿ ಬಂದವರ ಮನೆಯ ಹುಡುಗನಿಗೆ ಆ ಕಡೆಯವರ ಕೂಗು ಕಿವಿಗೆ ಬಿದ್ದಾಗ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷದಲ್ಲಿ ಜರ್ನೈಲ್. ಕೊರಿಯಾ ಕೊನೆಯಲ್ಲಿ ಒಂದು ಗೋಲು ಹಿಂತಿರುಗಿಸಿದರೂ ಚಿನ್ನ ಭಾರತದ್ದಾಯಿತು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದವರೇ. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಅದಾದ ಮೇಲೆ ನಮಗೆ ಬಂದೇ ಇಲ್ಲ. ಕ್ಯಾನ್ಸರ್ ಜೊತೆ ಸೆಣಸುತ್ತಿದ್ದ ರಹೀಂ ಮರುವರ್ಷ ತೀರಿಕೊಂಡರು.

ನನ್ನ ಸಂಕಟ ಇರುವುದು ಇಲ್ಲೇ. ಜರ್ನೈಲ್ ಎಂದರೆ ಇಂದಿಗೂ ಎಲ್ಲರೂ ಹೇಳುವುದು ಆ ಎರಡು ಗೋಲುಗಳ ಕಥೆ. ಹತ್ತು ವರ್ಷ ಅವರು ಆಗಗೊಡದೆ ತಡೆದ ಗೋಲುಗಳನ್ನು ಯಾವ ಸ್ಕೋರ್ ಪುಸ್ತಕವೂ ಬರೆದಿಟ್ಟಿಲ್ಲ. ಅರ್ಜುನ ಪ್ರಶಸ್ತಿಯ ಪಟ್ಟಿ ತೆಗೆದು ನೋಡಿ: 1961ರಲ್ಲಿ ಪಿ.ಕೆ., 1962ರಲ್ಲಿ ಬಲರಾಂ, 1963ರಲ್ಲಿ ಚುನಿ ಗೋಸ್ವಾಮಿ. ಮೂವರೂ ಮುಂದಿನ ಸಾಲಿನವರು, ಮೂವರೂ ಅದಕ್ಕೆ ತಕ್ಕವರೇ. ಡಿಫೆಂಡರ್‌ನ ಸರದಿ ಬಂದದ್ದು 1964ರಲ್ಲಿ, ಜರ್ನೈಲ್ ಮೂಲಕ. ಮರುವರ್ಷ ಅರುಣ್ ಘೋಷ್. ಕಟ್ಟಿ ಕಾಯುವವರಿಗೆ ಮನ್ನಣೆಯ ಬಾಗಿಲು ತೆರೆದವರು ಜರ್ನೈಲ್. ಜಕಾರ್ತದಲ್ಲಿ ಆ ಗೋಲುಗಳನ್ನು ಹೊಡೆಯದಿದ್ದರೆ ಬಾಗಿಲು ಇನ್ನೆಷ್ಟು ತಡವಾಗಿ ತೆರೆಯುತ್ತಿತ್ತೋ.

ಅದೇ 1964ರಲ್ಲಿ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. ನಂತರ ಜರ್ನೈಲ್ ದೇಶದ ತಂಡದ ನಾಯಕರಾದರು. ಆಟ ಬಿಟ್ಟ ಮೇಲೆ ಪಂಜಾಬಿಗೆ ಮರಳಿ ತರಬೇತುದಾರರಾಗಿ ಹುಡುಗರನ್ನು ತಯಾರು ಮಾಡಿದರು. 2000ರ ಅಕ್ಟೋಬರ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣು ಮುಚ್ಚಿದರು. ಹುಟ್ಟಿದ್ದು ಮುಂದೆ ಬೇರೆ ದೇಶವಾದ ನೆಲದಲ್ಲಿ, ಆಡಿದ್ದು ಇನ್ನೊಂದಕ್ಕೆ, ಕೊನೆಯುಸಿರೆಳೆದದ್ದು ಮೂರನೆಯದರಲ್ಲಿ.

ಅಶೋಕನಗರದ ಮೈದಾನದಲ್ಲಿ ಅಭ್ಯಾಸ ಮುಗಿದಾಗ ಆ ಹುಡುಗ ಶೂ ಬಿಚ್ಚುತ್ತಾ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದ. ಮೊಣಕಾಲಿನ ಚರ್ಮ ಕಿತ್ತು ಮಣ್ಣು ಮೆತ್ತಿತ್ತು. ಪಕ್ಕ ಕೂತು ಜರ್ನೈಲ್ ಸಿಂಗ್ ಹೆಸರು ಕೇಳಿದ್ದೀಯಾ ಎಂದೆ. ಇಲ್ಲವೆಂದು ತಲೆಯಾಡಿಸಿದ. ಜಕಾರ್ತದಿಂದ ಶುರು ಮಾಡಲಿಲ್ಲ. ಕಲ್ಕತ್ತಾದ ಮಳೆಯಿಂದ, ಆ ಒದ್ದೆ ಚೆಂಡಿನಿಂದ ಹೇಳತೊಡಗಿದೆ.