ಪೆಡಸಾದ ರಬ್ಬರಿಗೆ ಮರುಜೀವವುಂಟೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳನ್ನು ಅಕ್ಕರೆಯಿಂದ ಸರಿಪಡಿಸಿ ಓಡಿಸುವವರು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಇಂಥ ಹಳೆಯ ವಾಹನವನ್ನು ಬಿಚ್ಚಿದಾಗ ಕಬ್ಬಿಣದ ತುಕ್ಕು ಕೂಡಲೆ ಕಣ್ಣಿಗೆ ಬೀಳುತ್ತದೆ. ರಬ್ಬರಿನ ಮುಪ್ಪನ್ನು ಮಾತ್ರ ಬೆರಳಿನಿಂದ ಒತ್ತಿ, ಬಾಗಿಸಿ ತಿಳಿಯಬೇಕು. ಒಮ್ಮೆ ಮೆತ್ತಗಿದ್ದ ರಬ್ಬರು ಮರದಂತೆ ಪೆಡಸಾಗುವುದೇಕೆ? ಅದನ್ನು ಮತ್ತೆ ಮೆದುಮಾಡಬಹುದೆ?

ರಬ್ಬರಿನ ಅಣುಗಳು ಉದ್ದನೆಯ ಸರಪಣಿಗಳು. ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಸೆಕೆಗೆ ಅಂಟಾಗದೆ, ಚಳಿಗೆ ಬಿರುಸಾಗದೆ ಉಳಿಯುವುದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡನು. ಗಂಧಕವು ಸರಪಣಿಯಿಂದ ಸರಪಣಿಗೆ ಅಲ್ಲಲ್ಲಿ ಸೇತುವೆ ಕಟ್ಟುವುದೇ ಇದರ ಗುಟ್ಟು. ಸೇತುವೆಗಳು ವಿರಳವಾಗಿದ್ದರೆ ರಬ್ಬರು ಎಳೆದಾಗ ಹಿಗ್ಗಿ, ಬಿಟ್ಟಾಗ ಕುಗ್ಗುವುದು. ವರ್ಷಗಳುರುಳಿದಂತೆ ಶಾಖ ಮತ್ತು ಆಮ್ಲಜನಕಗಳ ದೆಸೆಯಿಂದ ಹೊಸ ಸೇತುವೆಗಳು ಹುಟ್ಟುತ್ತವೆ. ಕೆಲವು ಸರಪಣಿಗಳು ತುಂಡಾಗುತ್ತವೆ. ಮೃದುತ್ವಕ್ಕಾಗಿ ಬೆರೆಸಿದ್ದ ಎಣ್ಣೆಗಳೂ ಹೊರಟುಹೋಗುತ್ತವೆ.

ಇದಕ್ಕೆ ಒಂದು ಉಪಾಯವುಂಟು. ನೋವಿನ ಮುಲಾಮುಗಳಲ್ಲಿ ಘಮಘಮಿಸುವ ವಿಂಟರ್‌ಗ್ರೀನ್ ಎಣ್ಣೆಯನ್ನು ಕ್ಸೈಲೀನ್ ದ್ರವದೊಡನೆ ಬೆರೆಸಿ, ಪೆಡಸಾದ ಭಾಗವನ್ನು ಅದರಲ್ಲಿ ನೆನೆಯಿಡುವುದು. ದ್ರವವು ಸರಪಣಿಗಳ ನಡುವೆ ನುಸುಳಿ ಅವನ್ನು ಅಗಲಿಸುವುದರಿಂದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕ್ಸೈಲೀನಿನ ಆವಿ ವಿಷಕರವಾದುದು, ಬೇಗನೆ ಉರಿಯುವಂಥದು. ಆದಕಾರಣ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಈ ಕೆಲಸ ನಡೆಯಬೇಕು. ಆದರೆ ಈ ದ್ರವವು ಹೆಚ್ಚಾದ ಸೇತುವೆಗಳನ್ನು ಕಡಿಯದು, ತುಂಡಾದ ಸರಪಣಿಗಳನ್ನು ಬೆಸೆಯದು. ಮೆದುತನ ಮರಳಿದರೂ ಬಲ ಮರಳದು.

ಆದುದರಿಂದ ಪ್ರತಿಯೊಂದು ಭಾಗವೂ ಮಾಡುವ ಕೆಲಸವನ್ನು ನೋಡಿ ನಾವು ನಿರ್ಧರಿಸಬೇಕು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಮೊಣಕಾಲಿಗೆ ತಾಗುವ ಪಟ್ಟಿಗೆ ಈ ಉಪಚಾರ ಸಾಕು. ಟೈರು, ಪೆಟ್ರೋಲ್ ಕೊಳವೆ, ಇಂಜಿನ್ನಿನ ಸೀಲುಗಳಿಗೆ ಇದು ಸಲ್ಲದು. ಜಾವಾದ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವು ಮೊದಲು ಕ್ರ್ಯಾಂಕ್ ಕೇಸನ್ನು ಹೊಕ್ಕು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಅಲ್ಲಿನ ಸೀಲು ಪೆಡಸಾದರೆ ಹೊರಗಾಳಿ ನುಗ್ಗಿ ಪೆಟ್ರೋಲಿನ ಪಾಲು ಕುಗ್ಗುತ್ತದೆ, ಪೆಟ್ರೋಲಿನೊಡನೆ ಬರುವ ಎಣ್ಣೆಯ ಪಾಲೂ ಕುಗ್ಗುತ್ತದೆ. ಇಂಜಿನ್ ಮಿತಿಮೀರಿ ಕಾದು, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ, ಓಡುತ್ತಿರುವ ಹಿಂದಿನ ಚಕ್ರವೇ ಹಠಾತ್ತನೆ ನಿಲ್ಲಬಹುದು. ಬಿರಿದ ಕೊಳವೆಯಿಂದ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ಸೋರುವುದೂ ಅಷ್ಟೇ ಅಪಾಯಕರ.

ಹೊಸ ಟೈರು ಕೊಳ್ಳುವಾಗಲೂ ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದೋಣ: 2324 ಎಂದರೆ 2024ರ 23ನೆಯ ವಾರದಲ್ಲಿ ತಯಾರಾದುದು. ಅಂಗಡಿಯಲ್ಲಿ ಸುಮ್ಮನಿರುವ ರಬ್ಬರಿಗೂ ವಯಸ್ಸಾಗುತ್ತದೆ.