ಜೆಟ್ ಹಾದ ದಾರಿಯಲ್ಲಿ ಹುಟ್ಟಿದ ಚುಕ್ಕಿಗಳು

ಮೇ ಕೊನೆಯ ವಾರ ರಾತ್ರಿ 9ರಿಂದ 10ರೊಳಗೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯೊಂದರ ಮಾಳಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ. ದಿಗಂತದಿಂದ ನೆತ್ತಿಯ ಕಡೆಗೆ ಮೂರನೇ ಒಂದು ಪಾಲು ಮೇಲೆ, ಬೈನಾಕ್ಯುಲರ್‌ಗೆ ಮಸುಕು ಮಚ್ಚೆಯಂತೆ ಸಿಗುವುದೇ ಸೆಂಟಾರಸ್ ಎ ಗೆಲಾಕ್ಸಿ. ಕೊಪ್ಪಳ, ಗಂಗಾವತಿಯ ಬೀದಿದೀಪಗಳ ನಡುವೆ ಅದು ಕಾಣುವುದು ಕಷ್ಟ. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ಅದರ ನಡುವೆ ಸೂರ್ಯನ ಸುಮಾರು 5 ಕೋಟಿ ಪಟ್ಟು ತೂಕದ ಕಪ್ಪುಕುಳಿಯಿದೆ. ಅಲ್ಲಿಂದ ಎರಡು ಎದುರು ದಿಕ್ಕಿಗೆ ಬಿಸಿ ಅನಿಲದ ರಭಸದ ಧಾರೆಗಳು, ಅಂದರೆ ಜೆಟ್‌ಗಳು ಚಿಮ್ಮುತ್ತಿವೆ.

ತಪ್ಪು ಕಲ್ಪನೆ: ಜೆಟ್ ಕಪ್ಪುಕುಳಿಯ ಹೊಟ್ಟೆಯೊಳಗಿಂದ ಬರುತ್ತದೆ.

ಒಳಗೆ ಬಿದ್ದದ್ದು ಹೊರಗೆ ಬಾರದು. ಕುಳಿಯ ಸುತ್ತ ಗಿರಗಿರ ತಿರುಗುವ ಬಿಸಿ ಅನಿಲದಲ್ಲಿ ಒಂದಿಷ್ಟು, ಬೀಳುವ ಮುನ್ನವೇ ಕಾಂತಬಲಕ್ಕೆ ಸಿಕ್ಕಿ ಹೊರಕ್ಕೆ ಹಾರುತ್ತದೆ.

ತಪ್ಪು ಕಲ್ಪನೆ: ಜೆಟ್ ಎಂದರೆ ಬರೀ ನಾಶ.

ಇದರಲ್ಲಿ ಅರ್ಧ ಸತ್ಯವಿದೆ. ಜೆಟ್ ಬಹಳ ಕಡೆ ಗೆಲಾಕ್ಸಿಯ ಅನಿಲವನ್ನು ಕಾಯಿಸಿ ಚದುರಿಸುತ್ತದೆ. ಕಾದ ಅನಿಲ ಒಟ್ಟುಗೂಡದು, ಹೊಸ ನಕ್ಷತ್ರ ಹುಟ್ಟದು. ಆದರೆ ಕವಿದ ಮೋಡವನ್ನು ಹೊತ್ತೊಯ್ಯುವ ಗಾಳಿಯನ್ನು ಬಲ್ಲ ನಮ್ಮ ಎರೆಹೊಲದ ರೈತರು ಮೋಡ ಒಟ್ಟಿ ತರುವ ಗಾಳಿಯನ್ನೂ ಬಲ್ಲರು. ಜೆಟ್‌ಗೂ ಈ ಎರಡೂ ಗುಣಗಳಿವೆ. ದಾರಿಯಲ್ಲಿ ತಣ್ಣನೆಯ ದಟ್ಟ ಅನಿಲದ ಮೋಡ ಸಿಕ್ಕರೆ ಅದರ ಅಬ್ಬರದ ಅಲೆ ಮೋಡವನ್ನು ಅದುಮುತ್ತದೆ. ಅದುಮಿದ ಅನಿಲ ತನ್ನ ಬಿಸಿಯನ್ನು ಬೇಗ ಹೊರಚೆಲ್ಲಿ ತಣಿಯುತ್ತದೆ, ಗಂಟುಗಂಟಾಗಿ ಒಡೆಯುತ್ತದೆ. ಒಂದೊಂದು ಗಂಟೂ ತನ್ನದೇ ಗುರುತ್ವಕ್ಕೆ ಕುಸಿದು, ನಡುವಿನ ಉಷ್ಣತೆ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆಯತೊಡಗುತ್ತದೆ. ಜೆಟ್ ಬೆಂಕಿಕಡ್ಡಿಯಂತೆ ನಕ್ಷತ್ರವನ್ನು ಹೊತ್ತಿಸುತ್ತದೆ ಎನ್ನುವುದೂ ತಪ್ಪೇ. ಅದರ ಕೆಲಸ ಅದುಮುವುದು, ಹೊತ್ತಿಸುವುದು ಗುರುತ್ವ.

ಸೆಂಟಾರಸ್ ಎ ಕೇಂದ್ರದಿಂದ ಸುಮಾರು 50,000 ಜ್ಯೋತಿರ್ವರ್ಷ ಆಚೆ, ಈಶಾನ್ಯದ ಜೆಟ್ ಸಾಗುವ ದಿಕ್ಕಿನಲ್ಲೇ, ಎಳೆಯ ನಕ್ಷತ್ರಗಳ ಎಳೆಗಳಿವೆ. ಅವನ್ನು ನೇರಳಾತೀತ ಬೆಳಕಿನಲ್ಲಿ ಸೆರೆಹಿಡಿದ ದೂರದರ್ಶಕಗಳಲ್ಲಿ ನಮ್ಮ ಯುವಿಐಟಿಯೂ ಒಂದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದ ಅದು 2015ರ ಸೆಪ್ಟೆಂಬರ್ 28ರಂದು ಅಸ್ಟ್ರೋಸ್ಯಾಟ್ ಉಪಗ್ರಹದ ಬೆನ್ನೇರಿ ಹೋಯಿತು. ನಮ್ಮ ನಾಡಿನಲ್ಲೇ ಸಿದ್ಧವಾದ ಕಣ್ಣೊಂದು ಆ ತೊಟ್ಟಿಲನ್ನು ಕಂಡಿತೆಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ನೇರಳಾತೀತವೇ ಯಾಕೆ? ಅದರಲ್ಲಿ ಪ್ರಖರವಾಗಿ ಬೆಳಗುವವು ಬಿಸಿಯಾದ, ಭಾರವಾದ ನಕ್ಷತ್ರಗಳು. ಅವುಗಳ ಆಯುಸ್ಸು ಕಡಿಮೆ. ಬಹಳ ಭಾರವಾದವು ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿಯುತ್ತವೆ. ಹಾಗಾಗಿ ಅವು ಬೇರೆಲ್ಲೋ ಹುಟ್ಟಿ ಅಷ್ಟು ದೂರ ತೇಲಿ ಬಂದಿರಲಾರವು, ಅಲ್ಲೇ ಹುಟ್ಟಿರಬೇಕು. ಆ ಬೆಳಕು ಹೊರಟು 1.2 ಕೋಟಿ ವರ್ಷವಾಗಿರುವುದರಿಂದ, ಚಿತ್ರದಲ್ಲಿರುವ ಅತಿ ಭಾರದ ಹಸುಳೆಗಳು ಈಗಾಗಲೇ ಸಿಡಿದು ಮುಗಿದಿವೆ.