ದೇವರ ಬೆಟ್ಟಕ್ಕೆ ಯಾರು ಹತ್ತಬಹುದು?



ಬೈಬಲಿನ 150 ಕೀರ್ತನೆಗಳಲ್ಲಿ 15ನೆಯದು ಬಹಳ ಚಿಕ್ಕದು, ಐದೇ ವಚನ. ನಮ್ಮ ವಾರದ ಸಭೆಗೆಂದೇ ಬರೆದ ಹಾಗಿದೆ ಅಂತ ನನಗೆ ಅನ್ನಿಸುತ್ತದೆ. ದೇವರ ಪವಿತ್ರ ಬೆಟ್ಟದಲ್ಲಿ ವಾಸಿಸಲು ಯಾರು ಯೋಗ್ಯರು ಎಂದು ಅಲ್ಲಿ ಭಕ್ತ ಕೇಳುತ್ತಾನೆ. ಉತ್ತರದಲ್ಲಿ ಉಪವಾಸ, ಹರಕೆ, ಕಾಣಿಕೆಯ ಮಾತೇ ಇಲ್ಲ. ಚಾಡಿ ಹೇಳಬಾರದು, ನಷ್ಟವಾದರೂ ಕೊಟ್ಟ ಮಾತು ತಪ್ಪಬಾರದು, ನಿರಪರಾಧಿಯ ವಿರುದ್ಧ ಲಂಚ ತಿನ್ನಬಾರದು, ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬಾರದು. ಇಷ್ಟೇ.

"ಹಾಗಾದ್ರೆ ಸಿಸ್ಟರ್, ನಮ್ಮ ಸಂಘದ ಬಡ್ಡಿ?" ಅಂತ ನೀವು ಕೇಳ್ತೀರಿ. ಕೇಳಲೇಬೇಕು.

ಆ ಕಾಲದಲ್ಲಿ ಬಡವರು ಸಾಲ ಮಾಡುತ್ತಿದ್ದದ್ದು ಹೆಚ್ಚಾಗಿ ಹೊಟ್ಟೆಪಾಡಿಗೆ. ಅಂಥವರ ಕಷ್ಟದಿಂದ ಲಾಭ ಮಾಡಬಾರದು ಎಂದು ವಿಮೋಚನಕಾಂಡದ 22ನೇ ಅಧ್ಯಾಯ ಹೇಳುತ್ತದೆ. ಅಡ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವ ಮೊದಲು ವಾಪಸ್ ಕೊಡಬೇಕಿತ್ತು, ರಾತ್ರಿ ಹೊದೆಯಲು ಬಡವನಿಗೆ ಬೇರೆ ಇರೋದಿಲ್ಲವಲ್ಲ!

ಈಗ ದುರ್ಗಿಗುಡಿಯ ರಸ್ತೆಬದಿಯಲ್ಲಿ ಹೂವು ಮಾರುವ ಒಬ್ಬಾಕೆ ಮಗುವಿನ ಆಸ್ಪತ್ರೆ ಖರ್ಚಿಗೆ ಮೀಟರ್ ಬಡ್ಡಿಗೆ 10,000 ರೂಪಾಯಿ ತಂದಳು ಅನ್ನಿ. ತಿಂಗಳಿಗೆ ನೂರಕ್ಕೆ 10 ರೂಪಾಯಿ ಲೆಕ್ಕ ಹಾಕಿ. ವರ್ಷಕ್ಕೆ ಬಡ್ಡಿಯೇ 12,000, ಅಸಲು ಹಾಗೇ ನಿಂತಿರುತ್ತದೆ. ಕೀರ್ತನೆ ಬೇಡ ಅನ್ನುವುದು ಇದನ್ನೇ. (ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದಿದೆ. ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಿ.)

ಸಂಘದಲ್ಲಿ ನೂರಕ್ಕೆ 2 ರೂಪಾಯಿ ಇಟ್ಟರೆ, ಕಂತು ಕಟ್ಟಿದಂತೆ ಬಡ್ಡಿಯೂ ಇಳಿಯುತ್ತದೆ. ಆ ದುಡ್ಡು ಸಂಘದ ನಿಧಿಗೇ ಸೇರುತ್ತದೆ, ನಾಳೆ ಅವಳಿಗೇ ಸಾಲವಾಗಿ ಸಿಗುತ್ತದೆ. ಎಷ್ಟು ಬಡ್ಡಿ ಅಂತ ತೀರ್ಮಾನಿಸುವಾಗ ಅವಳೂ ಕೂತಿದ್ದಳು. ಇದು ಬೇರೆ ಮಾತು.

ಆದರೆ ಕೆಲವರು ಸಂಘದಿಂದ ಎರಡಕ್ಕೆ ತೆಗೆದು ಪಕ್ಕದ ಮನೆಯವಳಿಗೆ ಐದಕ್ಕೆ ಕೊಡ್ತಾರೆ. ಪುಸ್ತಕದಲ್ಲಿ 'ಹೊಲಿಗೆ ಯಂತ್ರಕ್ಕೆ' ಅಂತ ಬರೆದಿರುತ್ತದೆ, ಕಂತೂ ಸರಿಯಾಗಿ ಬರುತ್ತದೆ, ಯಾರೂ ಕೇಳೋದಿಲ್ಲ. ನನ್ನ ಪ್ರಕಾರ ಕಂತು ತಪ್ಪಿದವಳಿಗಿಂತ ಇವಳೇ ಆ ಬೆಟ್ಟದಿಂದ ದೂರ.

ಕಂತು ತಪ್ಪಿದವಳ ವಿಷಯಕ್ಕೂ ಇದೇ ಕೀರ್ತನೆಯಲ್ಲಿ ದಾರಿಯಿದೆ, ನಾಲಿಗೆಯ ಮಾತು ಬಡ್ಡಿಗಿಂತ ಮೊದಲೇ ಬರುತ್ತದೆ. ಅವಳ ಬಾಕಿಯನ್ನು ಸಭೆಯಲ್ಲಿ ಅವಳೆದುರೇ ಮಾತಾಡಿ, ಹೊಸ ಗಡುವು ಕೊಟ್ಟು ನಿರ್ಣಯ ಪುಸ್ತಕದಲ್ಲಿ ಬರೆಸಿ. ನಲ್ಲಿ ಹತ್ತಿರ ಆ ಮಾತು ಬೇಡ.